ಧೂಳು ಇಳಿದ ಮೇಲೆ

ಲಾ ಪಾಲ್ಮಾ ದ್ವೀಪದ ಬೆಟ್ಟದಲ್ಲಿ ದೂರದರ್ಶಕ ನಡೆಸುವ ನೆಲಿದಾ, ಗುಮ್ಮಟದ ಬಾಗಿಲು ತೆರೆಯುವ ಮುನ್ನ ತಮ್ಮ ಕಾರಿನ ಗಾಜಿನ ಮೇಲೆ ಬೆರಳೆಳೆದು ನೋಡುತ್ತಾರೆ. ಆ ಸಂಜೆ ಬೆರಳು ಕೆಂಪಾಯಿತು. ಕಡಲಾಚೆಯ ಆಫ್ರಿಕದಿಂದ ಮರಳುಗಾಳಿ ಬೀಸಿತ್ತು. ಅದೇ ಮಧ್ಯಾಹ್ನ ಬಹುದೂರದ ನಕ್ಷತ್ರವೊಂದರ ಗಾಮಾ ಸ್ಫೋಟ ಉಪಗ್ರಹದ ಕಣ್ಣಿಗೆ ಬಿದ್ದಿತ್ತು. ಇಂಥದ್ದಕ್ಕಾಗಿ ವರ್ಷಗಟ್ಟಲೆ ಕಾದಿದ್ದ ಸಂಶೋಧಕ ಆಯೋಸೆ, ಸ್ಫೋಟದ ನಂತರ ಕೆಲವೇ ದಿನ ಉಳಿಯುವ ಅದರ ಹಿಂಬೆಳಕು ಆರುವ ಮೊದಲೇ ಹಿಡಿಯಬೇಕೆಂದು ಚಡಪಡಿಸುತ್ತಿದ್ದ.

"ಒಂದೇ ಗಳಿಗೆ ಬಾಗಿಲು ತೆಗಿಯಕ್ಕಾ!"

"ಧೂಳು ಕೂತ್ರೆ ದೂರದರ್ಶಕದ ಕನ್ನಡಿ ತೊಳಿಯೋಕೆ ನಿಮ್ಮಪ್ಪ ಬರ್ತಾನಾ, ಮಗಾ?"

ಗಾಳಿ ಅಡಗಲು ವಾರ ಹಿಡಿಯಿತು. ನೆಲಿದಾ ಬಾಗಿಲು ತೆರೆದು, ಅವನು ಹೇಳಿದ ದಿಕ್ಕಿಗೆ ದೂರದರ್ಶಕ ತಿರುಗಿಸಿ ಚಿತ್ರ ತೆಗೆದರು. ಚಿತ್ರದಲ್ಲಿ ಆ ಜಾಗ ಬರಿದಾಗಿತ್ತು.

"ಇನ್ನೊಂದು ತೆಗಿಯಕ್ಕ" ಎಂದ.

ಬೆಳಗಾಗುವವರೆಗೂ ನೆಲಿದಾ ಆ ಬರಿದನ್ನೇ ಮತ್ತೆ ಮತ್ತೆ ತೆಗೆದರು; ಸಾಕೆನ್ನಲಿಲ್ಲ.