ಕೈಗೊಂದು ಕೌದಿ

ಕೊಟ್ಟೂರಿನ ಪಿಂಜಾರ ಓಣಿಯ ಪೀರ್ ಬೀಗೆ ಪ್ರಶ್ನೆ ಕೇಳುವ ಚಟವಿತ್ತು. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ನಶ್ಯ, ಈಕೆಗೆ ಇದು. ಹಳೆ ಸೀರೆ ಕೊಟ್ಟು ಕೌದಿ ಹೊಲಿಸಿಕೊಳ್ಳಲು ಬಂದವರು ಆ ಸೀರೆ ಎಲ್ಲಿ ಕೊಂಡದ್ದು, ಬಣ್ಣ ಯಾಕೆ ಹೋಯಿತು, ಉಟ್ಟವಳ ತವರು ಯಾವುದು, ಎಲ್ಲವನ್ನೂ ಒಪ್ಪಿಸಿಯೇ ಮೆಟ್ಟಿಲು ಇಳಿಯಬೇಕಿತ್ತು. ಒಮ್ಮೆ ಹರಪನಹಳ್ಳಿ ಬಸ್ಸಿನ ಡ್ರೈವರನನ್ನೇ ಹಿಡಿದು, "ಬಸ್ಸು ನಿಂತಾಗ ಗಡಗಡ ನಡುಗತೈತಿ, ಓಡುವಾಗ ಯಾಕ ನಡುಗಂಗಿಲ್ಲ?" ಎಂದು ಕೇಳಿದ್ದಳು. ಆ ಮನುಷ್ಯ ಅವತ್ತಿನಿಂದ ಅವಳನ್ನು ಕಂಡರೆ ಸ್ಟೇರಿಂಗಿನ ಕಡೆ ಮುಖ ಮಾಡಿ ಕೂರುತ್ತಿದ್ದ.

ಅವಳ ಅಪ್ಪ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದವನು. ಅಪ್ಪ ಹೋದ ಮೇಲೆ ಬಿಲ್ಲು ಗೋಡೆ ಸೇರಿತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಪೀರ್ ಬೀ ಸೂಜಿ ಹಿಡಿದು ತಮ್ಮ ಸಿರಾಜುದ್ದೀನನನ್ನು ಸಾಕಿದಳು. ಅವಳ ಹೊಲಿಗೆ ಇರುವೆ ಸಾಲಿದ್ದಂತೆ, ಒಂದರ ಹಿಂದೊಂದು, ನಡುವೆ ಉಗುರು ತೂರಿಸಲೂ ಜಾಗವಿಲ್ಲ. "ಪೀರ್ ಬೀ ಕೌದಿ ಬಿಗಿ ಅಂದ್ರ ಬಿಗಿ" ಎಂದು ಹಡಗಲಿ ಕಡೆಯವರೂ ಹೇಳುತ್ತಿದ್ದರು. ಆ ಮಾತು ಕೇಳಿದಾಗ ಅವಳು ಏನೂ ಕೇಳಿಸದವಳ ಹಾಗೆ ದಾರ ಪೋಣಿಸುತ್ತಿದ್ದಳು, ಆದರೆ ಕಿವಿ ಅತ್ತಲೇ ಇರುತ್ತಿತ್ತು.

ತಮ್ಮ ಸಿರಾಜನಿಗೆ ಹತ್ತಿಯೂ ಒಲಿಯಲಿಲ್ಲ, ಸೂಜಿಯೂ ಒಲಿಯಲಿಲ್ಲ, ಕಬ್ಬಿಣ ಒಲಿಯಿತು. ಮಾಗಳದ ಹೊಳೆ ದಂಡೆಯ ತೋಟಗಳಲ್ಲಿ ಇಂಜಿನ್ ಕೆಟ್ಟರೆ ಅವನಿಗೇ ಕರೆ ಬರುತ್ತಿತ್ತು. ಕೈ ಹೋಗದ ಸಂದಿಯಲ್ಲಿ ಎರಡು ಬೆರಳು ಇಳಿಸಿ, ಕಣ್ಣು ಮುಚ್ಚಿ, ನಟ್ಟಿನ ತಿರುಪಿನ ಗೆರೆ ಸವೆದಿದೆಯೋ ಇಲ್ಲವೋ ಎಂದು ಮುಟ್ಟಿಯೇ ಹೇಳುತ್ತಿದ್ದ. ಬೊಂಬಾಯಿಯಲ್ಲಿದ್ದ ಪರಿಚಯದವರೊಬ್ಬರು ಊರಿಗೆ ಬಂದಾಗ ಇದನ್ನು ನೋಡಿ ಅವನನ್ನು ಸರಕು ಹಡಗಿನ ಇಂಜಿನ್ ಕೆಲಸಕ್ಕೆ ಸೇರಿಸಿದರು. ಅದು ಎಂಬತ್ತನೇ ಇಸವಿ, ಶಿವರಾತ್ರಿ ಮುಗಿದ ಮಾರನೇ ವಾರ.

ಹೊರಡುವ ದಿನ ಅವನ ಟ್ರಂಕಿನಲ್ಲಿ ತಾನೇ ಇಟ್ಟಿದ್ದ ಕೌದಿಯನ್ನು ಪೀರ್ ಬೀ ಹೊರಗೆ ತೆಗೆದಳು. "ಶಿವರಾತ್ರಿ ಆತು, ಚಳಿ ಶಿವಶಿವಾ ಅಂತ ಹೋತು. ಈ ಹೊರಿ ಯಾಕ ಹೊರತಿ?" ಎಂದಳು. ನಮಾಜು ತಪ್ಪಿಸದ ಹೆಂಗಸು, ಆದರೆ ಚಳಿಯ ವಿಷಯದಲ್ಲಿ ಕೊಟ್ಟೂರಿನ ಎಲ್ಲರ ಹಾಗೆ ಶಿವನ ಲೆಕ್ಕವನ್ನೇ ನಂಬಿದವಳು. ಆ ಲೆಕ್ಕ ಕೊಟ್ಟೂರಿನ ಎಲ್ಲೆ ದಾಟುವುದಿಲ್ಲ ಎಂದು ಅವಳಿಗೆ ಹೇಳುವವರು ಯಾರಿದ್ದರು?

ವರ್ಷದ ಕೊನೆಗೆ ಸಿರಾಜ ತಿರುಗಿ ಬಂದ. ಮೈ ತುಂಬಿಕೊಂಡಿದ್ದ, ಮೀಸೆ ದಪ್ಪಗಾಗಿತ್ತು, ಅಕ್ಕನಿಗೆ ಸ್ವೆಟರ್ ತಂದಿದ್ದ. ಆದರೆ ಬಲಗೈಯ ತೋರುಬೆರಳು ಮತ್ತು ನಡುಬೆರಳು ತುದಿಯಲ್ಲಿ ಕಪ್ಪಿಟ್ಟಿದ್ದವು, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಹಡಗು ಉತ್ತರದ ಯಾವುದೋ ಊರಿನಲ್ಲಿ ನಿಂತಿದ್ದಾಗ, ಗಾಳಿಗೆ ಎದುರಾಗಿ ನಿಂತು ಒಂದು ನಟ್ಟು ಬಿಚ್ಚುವುದಕ್ಕೆ ಕೈಗವಸು ತೆಗೆದಿದ್ದನಂತೆ. ಕೈಗವಸು ಹಾಕಿಕೊಂಡರೆ ನಟ್ಟಿನ ಗೆರೆ ತಿಳಿಯುವುದಿಲ್ಲವಲ್ಲ. ಬೊಂಬಾಯಿ ಡಾಕ್ಟರು ಬೆರಳು ತಿರುವಿ ನೋಡಿ, ಸ್ಪರ್ಶ ಬಂದರೂ ಬರಬಹುದು, ಬರದೆಯೂ ಇರಬಹುದು, ಇನ್ನೊಮ್ಮೆ ಇದಕ್ಕೆ ಚಳಿ ಹೊಡೆದರೆ ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದರು.

ಇಷ್ಟಾದರೂ ಶಿವರಾತ್ರಿ ಕಳೆದ ಮೇಲೆ ಮತ್ತೆ ಅದೇ ಹಡಗು, ಅದೇ ಊರು. ಒಪ್ಪಿಕೊಂಡು ಬಂದಿದ್ದ. "ಬ್ಯಾಡ ಅನಬ್ಯಾಡಕ್ಕ. ಇಲ್ಲಿ ಕುಂತ್ರೂ ಬೆರಳಿಲ್ಲದ ಮೇಸ್ತ್ರಿನ್ನ ಯಾರು ಕರೀತಾರ? ಅಲ್ಲಿ ಕಡೀಪಕ್ಷ ನೋಡಾಕರ ಐತಿ" ಎಂದ. ಕುತೂಹಲದ ರೋಗ ಅಕ್ಕನಿಂದ ತಮ್ಮನಿಗೂ ಅಂಟಿತ್ತು. ಅವಳು ಏನಂತ ಬೈಯಬೇಕು?

ಬೈಯುವ ಬದಲು ಕೇಳಲು ಕೂತಳು. ಸಂಕ್ರಮಣ ಮುಗಿದಿತ್ತು. ಬೆಳಗ್ಗೆ ಮಂಜು ಬಿದ್ದು ಹೆಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು, ಹೊತ್ತು ಏರಿದರೆ ಬೆನ್ನು ಚುರುಗುಟ್ಟುತ್ತಿತ್ತು. ಪೀರ್ ಬೀ ಬಾಗಿಲಲ್ಲಿ ಬಿಸಿಲಿಗೆ ಕಾಲು ಚಾಚಿ, ತೊಡೆಯ ಮೇಲೆ ಯಾರದೋ ಕೌದಿ ಹರಡಿಕೊಂಡು ಶುರುಮಾಡಿದಳು.

"ಆ ಊರು ಹೆಂಗೈತಿ, ಮೊದಲು ಅದು ಹೇಳು."

"ಸಮುದ್ರದ ದಂಡಿಗೇ ಗುಡ್ಡ ನಿಂತಾವಕ್ಕ. ಜರಿಮಲಿ ಗುಡ್ಡ ತಂದು ಮಾಗಳದ ಹೊಳಿ ದಂಡಿಗೆ ಇಟ್ಟಂಗ. ಬುಡದಾಗ ಊರು, ಮ್ಯಾಲೆಲ್ಲ ಹಿಮ."

"ಮತ್ತ ಸಮುದ್ರ? ಅದೂ ಹೆಪ್ಪುಗಟ್ಟತೈತೇನು?"

"ಇಲ್ಲ, ಸಮುದ್ರ ತನ್ನ ಪಾಡಿಗೆ ಅಲ್ಲಾಡತಿರತೈತಿ. ಹೆಪ್ಪುಗಟ್ಟೋದು ಬೀದಿ. ಮುಂಜಾನಿ ಹಿಮ ಬೀಳತೈತಿ, ಮಧ್ಯಾಹ್ನ ಅದರ ಮ್ಯಾಲೆ ಮಳಿ ಬರತೈತಿ, ಸಂಜಿಗೆ ಗುಡ್ಡದ ಗಾಳಿ ಇಳೀತಂದ್ರ ಬೀದಿ ಅನ್ನೋದು ಗಾಜು. ಜನ ಬಾಗಿಲ ಮುಂದ ಬೂದಿ ಚೆಲ್ಲತಾರ, ಕಾಲು ಜಾರಬಾರದಂತ."

"ಅವರಿಗೆ ಪಾತ್ರಿ ತಿಕ್ಕಾಕ ಬೂದಿ ಬ್ಯಾಡೇನು?" ಎಂದಳು ಪೀರ್ ಬೀ. ಉತ್ತರಕ್ಕೆ ಕಾಯದೆ ಅವಳು ಮುಂದಕ್ಕೆ ಹೋದಳು. "ಆ ಚಳಿ ಹೋಗೋದು ಯಾವಾಗ?"

"ಹೋಗತೀನಿ ಹೋಗತೀನಿ ಅಂತ ಬಾಗಿಲ ತನಕ ಹೋಗತೈತಕ್ಕ, ಚಪ್ಪಲಿ ಮರ್ತೆ ಅಂತ ಮತ್ತ ಒಳಗ ಬರತೈತಿ. ಒಂದಿನ ಸೂರ್ಯ ಗುಡ್ಡದ ತಲಿಮ್ಯಾಲೆ ಇಣುಕತಾನ. ಜನ ಕೆಲಸ ಬಿಟ್ಟು ಗ್ವಾಡಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಬಿಸಲು ಕಾಸತಾರ. ಮರುದಿನ ಮತ್ತ ಹಿಮ."

"ಶಿವರಾತ್ರಿ ಆದ ಮ್ಯಾಲೂ?"

"ಆದ ಮ್ಯಾಲೇ ಜೋರು."

ಪೀರ್ ಬೀಯ ಸೂಜಿ ನಿಂತಿತು. ಟ್ರಂಕಿನಿಂದ ಕೌದಿ ಎತ್ತಿ ಇಟ್ಟ ತನ್ನ ಕೈಯನ್ನೇ ನೋಡಿಕೊಂಡಳು. ಸಿರಾಜನಿಗೆ ಅದು ತಿಳಿದು, "ಕೌದಿ ಹೊದ್ದುಕೊಂಡು ಯಾರರ ನಟ್ಟು ಬಿಚ್ಚತಾರೇನಕ್ಕ, ಬಿಡು" ಎಂದು ನಕ್ಕ. ಮಾತು ತಿರುಗಿಸಲು ಅಲ್ಲಿನ ಹೊದಿಕೆಯ ಸುದ್ದಿ ತೆಗೆದ. ಅವರ ಹೊದಿಕೆಯ ಒಳಗೆ ಹಕ್ಕಿ ಪುಕ್ಕ ತುಂಬಿರುತ್ತಾರಂತೆ, ಮುಟ್ಟಿದರೆ ಪುಸ್ಸೆನ್ನುತ್ತದಂತೆ, ಬೆಳಗಾದರೆ ಅದನ್ನು ಆ ಚಳಿಯಲ್ಲೇ ಕಿಟಕಿಗೆ ನೇತು ಹಾಕಿ ಕೊಡವುತ್ತಾರಂತೆ.

"ಚಳಿಯಾಗ ನೇತು ಹಾಕಿದ್ರ ಅದರಾಗಿನ ಬಿಸಿ ಸೋರಿ ಹೋಗಂಗಿಲ್ಲೇನು?"

ಈ ಪ್ರಶ್ನೆ ಪೀರ್ ಬೀಯ ತಲೆಯಲ್ಲಿ ಹುಳ ಬಿಟ್ಟಿತು. ಕೌದಿಯಲ್ಲಿ ಬಿಸಿ ಎಲ್ಲಿರುತ್ತದೆ? ಬಟ್ಟೆಯಲ್ಲೋ, ದಾರದಲ್ಲೋ? ಇಷ್ಟು ವರ್ಷ ಹೊಲಿದವಳು ಇದನ್ನು ಯಾಕೆ ಕೇಳಿಕೊಳ್ಳಲಿಲ್ಲ?

ಮಾರನೇ ಬೆಳಗ್ಗೆ ತಮ್ಮನನ್ನು ಕರೆದುಕೊಂಡು ಸ್ಟೇಷನ್ ಹತ್ತಿರದ ಕೊಟ್ರಬಸಪ್ಪನ ಐಸ್ ಫ್ಯಾಕ್ಟರಿಗೆ ಹೋದಳು. ಬೇಸಿಗೆಗೆ ಮುಂಚೆ ಮಿಷನ್ ಸರಿಯಿದೆಯೋ ನೋಡಲು ಆತ ಒಂದೆರಡು ಐಸ್ ಗಡ್ಡೆ ಕಟ್ಟಿಸಿದ್ದ. "ಈ ಥಂಡ್ಯಾಗ ಐಸ್ ಕೇಳಿಕೊಂಡು ಬಂದಾಕಿ ನೀನೊಬ್ಬಾಕಿ ನೋಡಬೇ. ಯಾರಿಗರ ಜ್ವರ ಬಂದಾವೇನು?" ಎಂದ.

"ಜ್ವರ ನನಗ ಬಂದೈತ್ರಿ, ತಲಿಗೆ" ಎಂದಳು.

ಕೊಟ್ರಬಸಪ್ಪ ಗಡ್ಡೆಯ ಮೂಲೆ ಒಡೆದು ನಾಲ್ಕಾರು ತುಂಡು ಕೊಟ್ಟ. ಪೀರ್ ಬೀ ಒಂದನ್ನು ಕೈಯಲ್ಲಿ ಹಿಡಿದಳು. ಮೊದಲು ತಂಪು, ಆಮೇಲೆ ಉರಿ, ಆಮೇಲೆ ಮೂಳೆಯೊಳಗೆ ಹೊಕ್ಕ ನೋವು. ತಡೆಯಲಾರದೆ ಬಿಟ್ಟಳು. ಚಳಿ ಎಂದರೆ ಸುಡುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದರೆ, ಸಿರಾಜ ಇನ್ನೊಂದು ತುಂಡನ್ನು ಆ ಎರಡು ಬೆರಳು ಮತ್ತು ಹೆಬ್ಬೆರಳ ನಡುವೆ ಬೆಲ್ಲದ ಉಂಡೆ ಹಿಡಿದ ಹಾಗೆ ಹಿಡಿದುಕೊಂಡು ಕೊಟ್ರಬಸಪ್ಪನ ಜೊತೆ ಮಿಷನ್ನಿನ ಮಾತಾಡುತ್ತಿದ್ದ. ಹೆಬ್ಬೆರಳು ಕೆಂಪಗಾಗಿತ್ತು. ಎರಡು ಬೆರಳುಗಳಿಗೆ ಏನೂ ಗೊತ್ತಿರಲಿಲ್ಲ. ಪೀರ್ ಬೀಗೆ ಅವತ್ತು ನಿಜವಾಗಿ ಹೆದರಿಕೆಯಾಯಿತು. ತುಂಡನ್ನು ಅವನ ಕೈಯಿಂದ ಕಿತ್ತುಕೊಂಡು ಉಳಿದವುಗಳ ಜೊತೆ ಗೋಣಿ ಚೂರಿನಲ್ಲಿ ಸುತ್ತಿದಳು.

ಮನೆಗೆ ಬಂದು ಒಂದೇ ಗಾತ್ರದ ಮೂರು ತುಂಡು ಆರಿಸಿ, ಒಂದನ್ನು ತಟ್ಟೆಯಲ್ಲಿಟ್ಟಳು. ಒಂದನ್ನು ತನ್ನ ಬಿಗಿ ಹೊಲಿಗೆಯ ಕೌದಿಯ ಚೂರಿನಲ್ಲಿ ಸುತ್ತಿದಳು. ಇನ್ನೊಂದನ್ನು, ಅಪ್ಪ ಹಿಂಜಿಟ್ಟಿದ್ದ ಹಳೆ ಹತ್ತಿಯನ್ನು ಆ ಪುಕ್ಕದ ಹೊದಿಕೆಯ ಹಾಗೆ ಉಬ್ಬುವಂತೆ ಬಿಡಿಸಿ, ಸಡಿಲ ಚೀಲದಲ್ಲಿ ತುಂಬಿ ಅದರ ನಡುವೆ ಇಟ್ಟಳು. ಕೌದಿ ಬಿಸಿ, ಆದ್ದರಿಂದ ಅದರೊಳಗಿನ ಐಸ್ ಮೊದಲು ಕರಗಬೇಕು. ಇದು ಅವಳ ಲೆಕ್ಕ.

ಮೊದಲು ಕರಗಿದ್ದು ತಟ್ಟೆಯದು. ಅಡುಗೆ ಮುಗಿಸಿ ಬಿಚ್ಚಿ ನೋಡಿದರೆ ಕೌದಿಯಲ್ಲಿ ಅಡಿಕೆಯಷ್ಟು ಉಳಿದಿತ್ತು. ಸಡಿಲ ಹತ್ತಿಯೊಳಗಿನದು ಇನ್ನೂ ನಿಂಬೆಹಣ್ಣಿನಷ್ಟಿತ್ತು. ಪೀರ್ ಬೀ ಗೋಡೆಗೆ ಒರಗಿ ಕೂತುಬಿಟ್ಟಳು. "ಇದರಾಗ ಬಿಸಿ ಇಲ್ಲೇ ಇಲ್ಲಲೋ ಸಿರಾಜ. ಬಿಸಿ ಕೌದಿ ಬಿಸಿ ಕೌದಿ ಅಂತ ಊರಿಗೆಲ್ಲ ಸುಳ್ಳು ಹೇಳಿಕೊಂಡು ಬಂದೆ."

ಊಟಕ್ಕೂ ಏಳಲಿಲ್ಲ. ಆಮೇಲೆ ತಾನೇ ಮೆಲ್ಲಗೆ, ತನಗೇ ಹೇಳಿಕೊಳ್ಳುವವಳ ಹಾಗೆ ಅಂದಳು. "ಬಿಸಿ ಇರೋದು ಮನುಷ್ಯಾನ ಮೈಯಾಗ. ಕೌದಿ ಅದನ್ನ ಹೊರಗ ಬಿಡಂಗಿಲ್ಲ, ಅಷ್ಟೇ. ಒಳಗ ಐಸ್ ಇಟ್ರ ಐಸನ್ನೂ ಕರಗದಂಗ ಕಾಯತೈತಿ." ಹತ್ತಿಗೆ ಉಸಿರಾಡಲು ಜಾಗ ಬೇಕು ಎಂದು ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಅದು ಹತ್ತಿ ಹಿಂಜಿಸಿಕೊಳ್ಳಲು ಜನರನ್ನು ಒಪ್ಪಿಸುವ ಮಾತು ಎಂದುಕೊಂಡಿದ್ದಳು. ಜಾಗ ಇದ್ದದ್ದೇ ಬಿಸಿಯನ್ನು ಹಿಡಿದಿಡುತ್ತದೆ ಎಂದಾದರೆ, ಉಗುರು ತೂರದ ಅವಳ ಬಿಗಿ ಹೊಲಿಗೆ ಆ ಜಾಗವನ್ನೇ ಕೊಂದು ಹಾಕುತ್ತಿತ್ತು.

ಸಿರಾಜ ಹೊರಡಲು ಹೆಚ್ಚು ದಿನ ಉಳಿದಿರಲಿಲ್ಲ. ಕೌದಿ ಹೊದ್ದುಕೊಂಡು ನಟ್ಟು ಬಿಚ್ಚಲಾಗದು ಎಂದಿದ್ದನಲ್ಲ, ಹಾಗಾದರೆ ಕೈಗೇ ಒಂದು ಕೌದಿ ಹೊಲಿಯುತ್ತೇನೆ ಎಂದಳು. ಕೊರಳಿಂದ ದಾರದಲ್ಲಿ ಎದೆಗೆ ಇಳಿಬಿಟ್ಟ ಒಂದು ಚೀಲ, ಎರಡೂ ಕಡೆ ಬಾಯಿ. ನಟ್ಟು ಬಿಚ್ಚಿದ ಕೈಯನ್ನು ತಕ್ಷಣ ಒಳಗೆ ತೂರಿಸಬೇಕು. ಮಳೆ ಹಿಮ ಎರಡೂ ಬೀಳುವ ಊರಿಗೆ ಹತ್ತಿ ಸಾಲದು, ಹಸಿಯಾದರೆ ಮುದ್ದೆಯಾಗುತ್ತದೆ. ಕಂಬಳಿ ಹೊದ್ದು ಮಳೆಯಲ್ಲಿ ನಿಲ್ಲುವ ಕುರುಬರನ್ನು ನೋಡಿದ್ದ ಪೀರ್ ಬೀ ಕಾನಹೊಸಹಳ್ಳಿಯಿಂದ ಕುರಿ ಹೊಡೆದುಕೊಂಡು ಬಂದಿದ್ದ ದೊಡ್ಡಬೀರಪ್ಪನನ್ನು ಸಂತೆಯಲ್ಲಿ ಹಿಡಿದಳು. ಅವನಿಗೂ ಪ್ರಶ್ನೆ ತಪ್ಪಲಿಲ್ಲ. ಉಣ್ಣೆ ತೋಯ್ದರೂ ಯಾಕೆ ಬೆಚ್ಚಗಿರುತ್ತದೆ?

"ಅದು ಕುರಿನ್ನ ಕೇಳಬೇಕವ್ವ. ನನಗೇನ್ ಗೊತ್ತು?" ಎಂದ ದೊಡ್ಡಬೀರಪ್ಪ, ಮರಿಗಳ ಮೊದಲ ಕತ್ತರಿಯ ಮೆತ್ತನೆ ಉಣ್ಣೆ ಒಂದು ಗಂಟು ಕೊಟ್ಟ.

ಗೋಡೆಯ ಮೇಲಿದ್ದ ಅಪ್ಪನ ಬಿಲ್ಲು ಕೆಳಗಿಳಿಯಿತು. ಬಿಲ್ಲು ಹೊಡೆಯುವುದು ಗಂಡಸರ ಕೆಲಸ ಎಂದು ಓಣಿಯವರು ಇಣುಕಿ ನೋಡಿದರು. ಪೀರ್ ಬೀ ಲೆಕ್ಕಿಸದೆ ಡಂಯ್ ಡಂಯ್ ಎನ್ನಿಸಿದಳು. ಉಣ್ಣೆ ಹಾರಿ ಅವಳ ಹುಬ್ಬಿಗೆಲ್ಲ ಮೆತ್ತಿತು. ಆಮೇಲೆ ಹೊಲಿಯಲು ಕೂತಳು, ದೊಡ್ಡ ದೊಡ್ಡ ಹೊಲಿಗೆ, ಅಲ್ಲೊಂದು ಇಲ್ಲೊಂದು. ಕೈ ಹಳೆ ಅಭ್ಯಾಸಕ್ಕೆ ಬಿಗಿಯುತ್ತಿತ್ತು, ಬಿಗಿದಾಗೆಲ್ಲ ಬಿಚ್ಚುತ್ತಿದ್ದಳು. ಎದುರು ಮನೆಯ ಫಕೀರಬಿ ಬಂದು ನೋಡಿ, "ಏನಬೇ, ಕಣ್ಣು ಹೋದವೇನು? ಇದನ್ನ ಯಾರಿಗರ ತೋರಿಸೀಯ, ಮರ್ಯಾದಿ ಹೋದೀತು" ಎಂದಳು.

"ಊರಿಗೊಂದು ದಾರಿಯಾದ್ರ ಯಡವಟ್ಟಗೊಂದು ದಾರಿ ಅಂತಿಟ್ಟುಕೋ" ಎಂದಳು ಪೀರ್ ಬೀ. ಹಾಗೆಂದರೂ ಆ ಹೊಲಿಗೆ ಅವಳಿಗೇ ಚುಚ್ಚುತ್ತಿತ್ತು. ಯಾರಾದರೂ ಬಂದರೆ ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು.

ಶಿವರಾತ್ರಿಯ ಹಿಂದಿನ ದಿನ ಒಂದು ಮೂಲೆ ಮಾತ್ರ ಉಳಿದಿತ್ತು. ಕೌದಿಯ ಕೊನೆ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಚೂರು ಬೆಲ್ಲವೋ ರೊಟ್ಟಿಯೋ ಇಡಬೇಕು, ಕೌದಿ ಹಸಿದಿದ್ದರೆ ಹೊದ್ದವನೂ ಹಸಿಯುತ್ತಾನೆ ಎಂಬುದು ಅವಳ ಅವ್ವನ ಕಾಲದಿಂದ ಬಂದ ಪದ್ಧತಿ. ಪೀರ್ ಬೀ ಜೋಳದ ರೊಟ್ಟಿಯ ಒಣ ಚೂರೊಂದನ್ನು ಇಟ್ಟಳು. ಅಳತೆ ನೋಡಲು, "ಕೈ ತೂರಿಸೋ" ಎಂದಳು. ಸಿರಾಜ ಅವಳ ಎದುರು ಕೂತು ಎರಡೂ ಕೈ ಒಳಗೆ ಹಾಕಿದ.

"ಬಿಗಿ ಆತೇನು?"

"ಇಲ್ಲ. ಕುರಿಮರಿ ಹೊಟ್ಟಿ ಬುಡಕ ಕೈ ಇಟ್ಟಂಗ ಐತಿ."

"ಹಂಗ ಇರು. ಅಲ್ಲಾಡಬ್ಯಾಡ."

ಬಗ್ಗಿ ಮೂಲೆ ಹೊಲಿಯತೊಡಗಿದಳು. ಬಾಗಿಲಲ್ಲಿ ಬಿಸಿಲು ಬೀಳುತ್ತಿತ್ತು, ಚಳಿ ಆಗಲೇ ಅರ್ಧ ಊರು ಬಿಟ್ಟಿತ್ತು. ಸಡಿಲ ಹೊಲಿಗೆಗೆ ಪಳಗದ ಕೈ, ಸೂಜಿ ಆಳಕ್ಕೆ ಇಳಿಯಿತು.

ಸಿರಾಜ ಸರ್ರನೆ ಕೈ ಎಳೆದುಕೊಂಡ.

"ಏನಾತು?"

"ಚುಚ್ಚಿತಕ್ಕ."

"ಯಾವ ಬೆರಳಿಗೆ?"

ಅವನು ಬಲಗೈ ಮುಂದೆ ಹಿಡಿದ. ನಡುಬೆರಳ ಕಪ್ಪು ತುದಿಯಲ್ಲಿ ಸಾಸಿವೆಯಷ್ಟು ರಕ್ತ ಮೂಡಿತ್ತು. ಇಬ್ಬರೂ ಅದನ್ನೇ ನೋಡಿದರು. ಸಿರಾಜ ಏನೋ ಹೇಳಲು ಹೊರಟ. ಪೀರ್ ಬೀ ಕೇಳಿಸಿಕೊಳ್ಳಲಿಲ್ಲ. ಕಣ್ಣು ತುಂಬಿ ಬೆರಳೇ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಅವನ ತೋರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಸೂಜಿ ಎತ್ತಿದಳು.

"ತಡೀಲೇ," ಎಂದಳು. "ಇದಕ್ಕೊಂದು ಸಾರಿ ಚುಚ್ಚಿ ನೋಡತೀನಿ."