ಹಿಂದೆ ನಿಂತೇ ಮೂವತ್ತು ವರ್ಷ

ನನ್ನ ತಮ್ಮ ಮೂರು ಬ್ಯಾಂಡುಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಬೇಸ್ ಅಂದರೆ ನಾಲ್ಕು ದಪ್ಪ ತಂತಿಯ ಗಿಟಾರು. ನುಡಿಯುತ್ತಿರುವಾಗ ಯಾರ ಗಮನಕ್ಕೂ ಬರುವುದಿಲ್ಲ, ನಿಂತ ಕೂಡಲೇ ‘ಏನೋ ಕಮ್ಮಿ ಆಯ್ತಲ್ಲ’ ಎಂದು ಎಲ್ಲರೂ ತಲೆ ಎತ್ತುತ್ತಾರೆ. ಅವನ ಸ್ವಭಾವವೂ ಅದೇ. ಮೂವತ್ತು ವರ್ಷಗಳಲ್ಲಿ ಪತ್ರಿಕೆಯಲ್ಲಿ ಒಂದೇ ಸಲ ಅವನ ಫೋಟೊ ಬಂತು, ಅದರಲ್ಲೂ ಬರೀ ಮೊಣಕೈ. ತೋಳಿನ ಹೊಲಿಗೆ ನನ್ನದು, ಗುರುತು ಸಿಗದೆ ಇರುತ್ತದೆಯೇ! ಕತ್ತರಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ನಾನು ದರ್ಜಿ. ಅವನ ಅಂಗಿಗಳೆಲ್ಲ ನನ್ನ ಕೈಯವೇ. ಮದುವೆ ಬ್ಯಾಂಡಿಗೆ ಮಿರಮಿರ ಮಿಂಚುವ ನೀಲಿ, ಹೋಟೆಲಿನ ಜಾಝ್‌ಗೆ ಇಸ್ತ್ರಿ ಮುರಿಯದ ಬಿಳಿ, ಕಿವಿ ಹರಿಯುವಂತೆ ಬಾರಿಸುವ ರಾಕ್ ಬ್ಯಾಂಡಿಗೆ ಕಪ್ಪು. ಒಂದೇ ದಿನ ಮೂರೂ ಕಡೆ ಕಾರ್ಯಕ್ರಮ ಬಿದ್ದರೆ ಮೂರನ್ನೂ ಒಂದರ ಮೇಲೊಂದು ತೊಟ್ಟು ಹೊರಡುತ್ತಿದ್ದ, ಹೋದ ಕಡೆಯಲ್ಲೆಲ್ಲ ಒಂದೊಂದೇ ಕಳಚಲು. ಒಮ್ಮೆ ಕ್ರಮ ತಪ್ಪಿ ಮಿಂಚುವ ನೀಲಿಯಲ್ಲೇ ರಾಕ್ ವೇದಿಕೆ ಹತ್ತಿಬಿಟ್ಟ. ಹೊಸ ಸ್ಟೈಲು ಅಂದುಕೊಂಡು ಜನ ಹುಚ್ಚೆದ್ದು ಕುಣಿದರಂತೆ. ಪುಣ್ಯಾತ್ಮ ಸ್ಪೀಕರಿನ ಹಿಂದೆ ಹೋಗಿ ಅವಿತುಕೊಂಡ.

ಇಂಥವನು ಗುಟ್ಟಾಗಿ ಸ್ವಂತ ರಾಗಗಳನ್ನು ಕಟ್ಟುತ್ತಿದ್ದ. ಏನು ಗುಟ್ಟೋ ಏನೋ, ನಮ್ಮಿಬ್ಬರ ಕೋಣೆಗಳ ನಡುವೆ ಇರುವುದು ತೆಳ್ಳಗಿನ ಹಲಗೆಯ ಗೋಡೆ. ಗುಂಡಿ ಹಾಕುತ್ತ, ಅಂಚು ಮಡಿಸುತ್ತ ಎಲ್ಲವನ್ನೂ ಕೇಳಿದ್ದೇನೆ. ಐವತ್ತು ತುಂಬಿದ ದಿನ ಊಟಕ್ಕೆ ಕೂತವನು ತಟ್ಟೆಯನ್ನೇ ನೋಡುತ್ತ, “ಅಕ್ಕಾ, ನನ್ನ ಹೆಸರಲ್ಲಿ ಒಂದು ರೆಕಾರ್ಡ್ ಮಾಡ್ಬೇಕು ಅಂತ ಆಸೆ. ಒಂದಾದ್ರೂ,” ಎಂದ.

“ಮಾಡೋ ಮಹಾರಾಯ! ಹಲ್ಲು ಬಿದ್ದ ಮೇಲೆ ಮಾಡ್ತೀಯಾ?” ಎಂದೆ.

ಪರಿಚಯದವರ ಸ್ಟುಡಿಯೊ ಸಿಕ್ಕಿತು, ಒಂದೇ ಒಂದು ದಿನಕ್ಕೆ. ಮರುದಿನದಿಂದ ಅದು ಹಲ್ಲಿನ ಡಾಕ್ಟರ ಕ್ಲಿನಿಕ್ ಆಗುವುದಿತ್ತು, ರೋಗಿಗಳ ಕುರ್ಚಿ ಆಗಲೇ ಬಂದು ಕೂತಿತ್ತು. ಬೇರೆ ಸ್ಟುಡಿಯೊ ಹುಡುಕಬಹುದಿತ್ತು, ನಿಜ. ಆದರೆ ಮೂರು ಬ್ಯಾಂಡಿನವರಿಗೂ ಒಟ್ಟಿಗೆ ಬಿಡುವಿದ್ದ ದಿನ ಇಡೀ ವರ್ಷಕ್ಕೆ ಅದೊಂದೇ.

ಅವತ್ತು ಬೆಳಿಗ್ಗೆ, “ಅಕ್ಕಾ, ಯಾವ ಅಂಗಿ ಹಾಕ್ಕೊಳ್ಳಲಿ?” ಎಂದ.

“ನಿನ್ನ ಸ್ವಂತದ್ದು ಹಾಕ್ಕೋ.”

“ಸ್ವಂತದ್ದು ಯಾವುದು?”

ಪೆಟ್ಟಿಗೆಯೆಲ್ಲ ಹುಡುಕಿದೆ, ಇದ್ದವೆಲ್ಲ ಬ್ಯಾಂಡಿನವೇ. ಮನೆಯಲ್ಲಿ ತೊಡುವ ಮಾಸಲು ಅಂಗಿಯಲ್ಲೇ ಹೊರಟ. ದರ್ಜಿ ಅಕ್ಕ ಇದ್ದೂ ಈ ಗತಿಯೇ ಎಂದು ನನಗೆ ನಾಚಿಕೆಯಾಯಿತು.

ಹೋಟೆಲಿನ ಪಿಯಾನೊದವರು, ಮದುವೆ ಬ್ಯಾಂಡಿನ ಟ್ರಂಪೆಟ್‌ನವನು, ರಾಕ್ ಬ್ಯಾಂಡಿನ ಡ್ರಮ್ ಹುಡುಗಿ ಬಂದರು. ಶುರು ಮಾಡಿದರು. ಚೆನ್ನಾಗಿಯೇ ಇತ್ತು, ಆದರೂ ಉಪ್ಪು ಮರೆತ ಅಡುಗೆಯ ಹಾಗೆ. ಗಾಜಿನ ಈಚೆ, ನಾನು ಏರಿ ಕೂತಿದ್ದ ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕದಲ್ಲಿ ರೆಕಾರ್ಡ್ ಮಾಡುತ್ತಿದ್ದವನು ತಲೆ ಕೆರೆದುಕೊಂಡ. “ಎಲ್ಲಾ ಸರಿ ಸಾರ್, ಮುಖ್ಯ ರಾಗ ಯಾರು ನುಡಿಸ್ತಾರೆ?”

ಪಿಯಾನೊದವರು ಟ್ರಂಪೆಟ್‌ನವನ ಮುಖ ನೋಡಿದರು. “ನಾನಲ್ಲಪ್ಪಾ, ನನ್ನ ಹಾಳೆಯಲ್ಲಿ ಅಲ್ಲಲ್ಲಿ ಊದಬೇಕು ಅಂತಷ್ಟೇ ಇದೆ,” ಎಂದ ಅವನು. ಆಮೇಲೆ ಎಲ್ಲರೂ ತಿರುಗಿದ್ದು ನನ್ನ ತಮ್ಮನ ಕಡೆಗೆ. ಈ ಭೂಪ ತನ್ನದೇ ರೆಕಾರ್ಡಿನಲ್ಲಿ ಮುಂದಿನವರಿಗೆ ಜಾಗ ಬಿಟ್ಟು ಹಿಂದೆ ನಿಂತು ನುಡಿಸುತ್ತಿದ್ದ!

“ಅಭ್ಯಾಸ ಆಗೋಗಿದೆ,” ಎಂದು ಹಲ್ಲು ಕಿರಿದ. ಮತ್ತೆ ಶುರು ಮಾಡಿದರೂ ಅದೇ ಕತೆ. ಮುಖ್ಯ ರಾಗ ಬರುವ ಜಾಗ ಸಿಕ್ಕಿತೋ, ಬೆರಳುಗಳು ತಾವಾಗಿಯೇ ಹಿಂದೆ ಸರಿಯುತ್ತಿದ್ದವು. ಮಧ್ಯಾಹ್ನ ಕಳೆಯಿತು. ಸಂಜೆ ಐದಾಯಿತು. ಆರಕ್ಕೆ ಬೀಗ. “ಬಿಡಿ, ನನ್ನ ಕೈಲಾಗಲ್ಲ. ಟ್ರಂಪೆಟ್‌ನವರೇ ಊದಿಬಿಡಲಿ, ಅವರ ಹೆಸರೇ ಹಾಕೋಣ,” ಎಂದ. ಅವನ ಕಣ್ಣು ಕೆಂಪಗಾಗಿತ್ತು.

ನನಗೆ ಎಲ್ಲಿತ್ತೋ ಸಿಟ್ಟು! ಹಲ್ಲಿನ ಡಾಕ್ಟರ ಕುರ್ಚಿಯಿಂದ ಧುಮುಕಿ ಒಳಗೆ ನುಗ್ಗಿದೆ. “ಇಷ್ಟು ವರ್ಷ ಗೋಡೆಯಾಚೆ ಕೂತು ನನ್ನ ತಲೆ ತಿಂದಿದ್ದೀಯ, ಈಗ ಆಗಲ್ವಾ? ಸರಿ, ನಾನೇ ಹಾಡ್ತೀನಿ. ರೀ, ಶುರು ಮಾಡ್ರೀ!”

ಮೈಕಿನೆದುರು ನಿಂತು ಲಲಲಾ ಎಂದು ಎತ್ತಿಕೊಂಡೆ. ನನ್ನ ಕಂಠದ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಡ್ರಮ್ ಹುಡುಗಿ ತುಟಿ ಕಚ್ಚಿ ಹಿಡಿದಳು. ಎರಡನೇ ಸಾಲಿನಲ್ಲಿ ಮೇಲೆ ಹತ್ತಬೇಕಾದ ಕಡೆ ನಾನು ಕೆಳಗೆ ಇಳಿದೆನಂತೆ.

“ಹಾಗಲ್ಲಕ್ಕಾ!”

ಹುಟ್ಟಿದಾಗಿನಿಂದ ನನ್ನ ಮೇಲೆ ದನಿ ಎತ್ತದವನು ಕಿರುಚಿದ್ದ. “ಕೆಡಿಸ್ಬೇಡ ಅದನ್ನ! ಕೇಳಿಲ್ಲಿ, ಹೀಗೆ!” ಎಂದು ನುಡಿಸಿದ. ನಾನು ಬಿಡಲಿಲ್ಲ, ಮತ್ತೆ ಹಾಡಿದೆ. ಅವನು ನನ್ನನ್ನು ಮುಚ್ಚಿಹಾಕುವಷ್ಟು ಜೋರಾಗಿ ನುಡಿಸಿದ. ಮೂರನೇ ಸಲಕ್ಕೆ ನಾನು ಬಾಯಿ ಮುಚ್ಚಿದೆ, ಅದು ಅವನಿಗೆ ಗೊತ್ತೇ ಆಗಲಿಲ್ಲ. ಮೈಕಿನ ಹತ್ತಿರ ಬಂದುಬಿಟ್ಟಿದ್ದ. ಪಿಯಾನೊ, ಡ್ರಮ್ಮು, ಟ್ರಂಪೆಟ್ಟು ಅವನ ಹಿಂದೆ ಹಿಂದೆ ನಡೆದವು. ನಾನು ಮೂಲೆಯಲ್ಲಿ ನಿಂತು ಸೆರಗಿಗೆ ಮೂಗು ಒರೆಸಿಕೊಂಡೆ.

ಬೇಕೆಂದೇ ತಪ್ಪು ಹಾಡಿದಿರಾ ಎಂದು ಎಲ್ಲರೂ ಕೇಳುತ್ತಾರೆ. ಹೌದು ಅನ್ನುತ್ತೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ನಾನು ಸರಿಯಾಗಿಯೇ ಹಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಮರುದಿನ, ರೆಕಾರ್ಡಿನ ಹೊದಿಕೆಯ ಫೋಟೊಕ್ಕೆಂದು ಹೊಸ ಅಂಗಿಗೆ ಅಳತೆ ತೆಗೆಯುತ್ತ, “ಯಾವ ಬಣ್ಣ?” ಎಂದು ಕೇಳಿದೆ. ಯಾವಾಗಲೂ ‘ನಿನ್ನಿಷ್ಟ’ ಅನ್ನುವವನು.

“ಕೆಂಪು,” ಎಂದ. “ಕಣ್ಣಿಗೆ ಹೊಡೆಯೋ ಹಾಗಿರಲಿ ಅಕ್ಕಾ.”