ಗೇಟಿನ ಪೆಟ್ಟಿಗೆಗೆ ಹಸಿರು ಗುಂಡಿ

ಶಹಾಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿ. ಟಿವಿ, ಇನ್ವರ್ಟರ್, ಕಂಪ್ಯೂಟರ್, ಏನು ತಂದರೂ ಬಿಚ್ಚಿ ನೋಡುತ್ತಿದ್ದೆ. ಬಂದವರಲ್ಲಿ ಅರ್ಧ ಜನ ನನ್ನನ್ನು ದಾಟಿ ಒಳಗೆ ಇಣುಕಿ, "ಅಂಗಡಿಯವ್ರು ಇಲ್ಲೇನವ್ವ?" ಎಂದು ಕೇಳುತ್ತಿದ್ದರು. "ನಿಮ್ಮ ಮುಂದ ಕುಂತೀನಲ್ರಿ" ಎನ್ನುತ್ತಿದ್ದೆ. ಇದೇ ಉತ್ತರ ಕೊಟ್ಟೂ ಕೊಟ್ಟೂ ನನ್ನ ನಾಲಿಗೆ ಖಾರವಾಯಿತು ಎಂದು ಮನೆಯಲ್ಲಿ ಹೇಳುತ್ತಾರೆ. ನನಗೇನೂ ಹಾಗೆ ಅನ್ನಿಸುವುದಿಲ್ಲ.

ಸುರಪುರದ ದಾರಿಯಲ್ಲಿ ದೊಡ್ಡ ಕಾಲುವೆಯಿಂದ ಒಂದು ಸಣ್ಣ ಕಾಲುವೆ ಕವಲೊಡೆದು ಹೋಗುತ್ತದೆ. ಅದರ ಬಾಯಿಗೆ ಕಬ್ಬಿಣದ ಗೇಟ್. ಹಿಂದೆ ಅದನ್ನು ಚಕ್ರ ತಿರುವಿ ಎತ್ತಬೇಕಿತ್ತು, ಇಬ್ಬರು ಗಂಡಸರು ಬೆವರಿಳಿಸುವ ಕೆಲಸ. ಆಮೇಲೆ ಮೋಟಾರು ಬಂತು. ಮೋಟಾರಿಗೆ ಹುಕುಂ ಕೊಡಲು ಕಂಬಕ್ಕೊಂದು ಪೆಟ್ಟಿಗೆ ಬಂತು, ಪೆಟ್ಟಿಗೆಯೊಳಗೆ ಸಣ್ಣ ಕಂಪ್ಯೂಟರ್ ಬಂತು. ಯಾದಗಿರಿಯ ಆಫೀಸಿನಲ್ಲಿ ಕೂತು ಹೇಳಿದರೆ ಇಲ್ಲಿ ಗೇಟ್ ಏಳುತ್ತಿತ್ತು.

ಆ ಗೇಟನ್ನು ಕಾಯುತ್ತಿದ್ದವಳು ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಅವಳಿಗೆ ಬಂದಿತ್ತು. ನಾನು ಅಕ್ಕ ಎನ್ನುತ್ತಿದ್ದೆ. ಬಿದ್ದು ಬಲಭುಜಕ್ಕೆ ಪೆಟ್ಟಾಗಿದ್ದರಿಂದ ಚಕ್ರ ತಿರುವುವುದು ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಪೆಟ್ಟಿಗೆ ನಡೆಯುತ್ತಿದ್ದಷ್ಟು ದಿನ ಅದನ್ನು ಯಾರೂ ಕೇಳಲಿಲ್ಲ. ಒಂದು ಬೇಸಿಗೆಯಲ್ಲಿ ಹಲ್ಲಿಯೊಂದು ಒಳಹೊಕ್ಕು ಕಂಪ್ಯೂಟರನ್ನು ಸುಟ್ಟು ತಾನೂ ಸತ್ತಿತು. ಆಗ ಎಲ್ಲರಿಗೂ ಅವಳ ಭುಜ ನೆನಪಾಯಿತು.

ಯಾದಗಿರಿಯ ಆಫೀಸಿನ ಸಾಹೇಬರು ನನ್ನನ್ನು ಕರೆಸಿ ಹೇಳಿದರು: "ಕೆನಾಲಿಗಿ ನೀರ್ ಬಿಡೋದ್ರೊಳಗ ಚಾಲೂ ಮಾಡ್ರಿ. ಆಗಲಿಲ್ಲಂದ್ರ ಚಕ್ರ ತಿರುವಾಕ ಗಂಡಸರನ್ನ ಹಾಕ್ತೀವಿ. ಆಕಿನ್ನ ಇಲ್ಲಿ ಆಫೀಸಿಗಿ ತಗೋತೀವಿ, ಕಸ ಹೊಡಕೊಂಡು ಇರ್ಲಿ."

ಅಕ್ಕನಿಗೆ ಹೇಳಿದೆ. ಅವಳ ಮನೆ ಕಾಲುವೆಯ ದಂಡೆಯ ಮೇಲೇ ಇತ್ತು, ಆಡುಗಳೂ ಅಲ್ಲೇ. "ಕಸ ಹೊಡ್ಯಾಕ ನಾಚಿಕಿಲ್ಲ ತಂಗಿ. ಖರೆ ಈ ಗೇಟ್ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ" ಎಂದಳು. ಸರಿ, ಹಾಗಾದರೆ ನೀನು ಹೋಗುವುದಿಲ್ಲ, ನಾನು ಬಿಡುವುದಿಲ್ಲ ಎಂದುಕೊಂಡೆ.

ಪೆಟ್ಟಿಗೆಯೊಳಗೆ ಇರುವುದು ಎರಡು ತುಂಡು. ಕೆಳಗೆ ಒಂದು ದೊಡ್ಡ ಬೋರ್ಡ್: ಕರೆಂಟು, ಮೋಟಾರಿನ ತಂತಿ, ಗೇಟ್ ಎಷ್ಟು ಎದ್ದಿದೆ ಎಂದು ತಿಳಿಸುವ ತಂತಿ ಎಲ್ಲ ಬಂದು ಸೇರುವುದು ಅದಕ್ಕೆ. ಕ್ಯಾರಿಯರ್ ಬೋರ್ಡ್ ಅನ್ನುತ್ತಾರೆ, ಹೊರುವುದೇ ಅದರ ಕೆಲಸ. ಅದರ ಬೆನ್ನ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪ್ರೊಸೆಸರ್ ಮಾಡ್ಯೂಲ್ ಕೂರುತ್ತದೆ. ಲೆಕ್ಕ ಹಾಕುವ ತಲೆ ಅದು. ಸುಟ್ಟದ್ದು ತಲೆ ಮಾತ್ರ. ಆದರೆ ಆ ಜಾತಿಯ ಮಾಡ್ಯೂಲ್ ಬರುವುದು ನಿಂತುಹೋಗಿತ್ತು. ಹುಡುಕಿ ಹುಡುಕಿ ಅದೇ ಜಾಗಕ್ಕೆ ಕೂರುವ ಹೊಸದೊಂದನ್ನು ತರಿಸಿದೆ, ಹಳೆಯದಕ್ಕಿಂತ ಬಹಳ ಚುರುಕಿನದು.

ಕೂರಿಸುವುದಕ್ಕೆ ತಾಳ್ಮೆ ಬೇಕು. ಕೂದಲಿನಷ್ಟು ಸಣ್ಣ ಪಿನ್ನುಗಳ ಸಾಲು ಸರಿಯಾಗಿ ಎದುರುಬದುರು ಬರಬೇಕು. ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ಒಟ್ಟಿಗೆ ಒತ್ತಬೇಕು, ಟಕ್ ಎನ್ನುವವರೆಗೆ. ಒಂದೇ ಕಡೆ ಒತ್ತಿದರೆ ಬೋರ್ಡ್ ಬಾಗಿ ಕೆಲಸ ಕೆಡುತ್ತದೆ. ಆಮೇಲೆ ಸೆಟ್ಟಿಂಗ್. ಯಾವ ಪಿನ್ನಿನಲ್ಲಿ ಮೋಟಾರ್, ಯಾವುದರಲ್ಲಿ ಗೇಟಿನ ಎತ್ತರ, ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು, ಇದನ್ನೆಲ್ಲ ಹೊಸ ತಲೆಗೆ ಮೊದಲಿನಿಂದ ಕಲಿಸಬೇಕಾಯಿತು. ಅಂಗಡಿಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ಒಂದು ಬೆಳಿಗ್ಗೆ ಹೋಗಿ ಪೆಟ್ಟಿಗೆಯಲ್ಲಿ ಹಾಕಿ, ಗೇಟ್ ಎತ್ತಿ ಇಳಿಸಿ ತೋರಿಸಿ, ಅಕ್ಕ ಕೊಟ್ಟ ಚಹಾ ಕುಡಿದು ಬಂದೆ.

ಮಧ್ಯಾಹ್ನ ಫೋನ್ ಬಂತು. "ತಂಗಿ, ಪೆಟ್ಟಿಗಿ ಮಕ್ಕೊಂಡದ."

ಮರುದಿನ ಬೆಳಿಗ್ಗೆ ಹೋದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿದೆ! ನನ್ನ ಎದುರಿಗೇ ಕೆಡಲಿ ಎಂದು ಅಲ್ಲೇ ಕೂತೆ. ಯಾದಗಿರಿ ಸೀಮೆಯ ಬಿಸಿಲು ನೆತ್ತಿಗೆ ಬಂತು, ಪೆಟ್ಟಿಗೆ ಮತ್ತೆ ಮಲಗಿತು. ಬಾಗಿಲು ತೆಗೆದು ಮಾಡ್ಯೂಲ್ ಮುಟ್ಟಿದರೆ ಬೆರಳು ಚುರ್ರೆಂದಿತು. ಗಾಳಿ ಆಡಲು ಪೆಟ್ಟಿಗೆಯ ಪಕ್ಕಕ್ಕೆ ಸೀಳುಗಳಿರುತ್ತವೆ. ಬಗ್ಗಿ ನೋಡಿದೆ. ಒಂದು ಸೀಳೂ ಕಾಣಲಿಲ್ಲ. ಕೆಮ್ಮಣ್ಣು ಕಲಸಿ, ಒಲೆ ಸಾರಿಸಿದಷ್ಟು ನುಣ್ಣಗೆ ಯಾರೋ ಮೆತ್ತಿಬಿಟ್ಟಿದ್ದರು.

"ಇದೇನಕ್ಕಾ?"

"ಹಳೀದನ್ನ ಹಲ್ಲಿ ತಿಂತಲ್ಲ. ಹೊಸಾದಕ್ಕೂ ಹಂಗ ಆಗಬಾರ್ದಂತ ನೀ ಹ್ವಾದ ಮ್ಯಾಲ ಮೆತ್ತೀನಿ. ಛಲೋ ಆಗ್ಯಾದಿಲ್ಲ?"

ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಗೇಟ್ ಉಳಿಸಿಕೊಳ್ಳಬೇಕೆಂದು ಅವಳೂ ನನ್ನಷ್ಟೇ ಒದ್ದಾಡುತ್ತಿದ್ದಳು. ಇಬ್ಬರೂ ಸೇರಿ ಮಣ್ಣು ಕೆರೆದೆವು. ಅವಳ ಹಳೆಯ ಹಿಟ್ಟಿನ ಜರಡಿಯ ಬಲೆ ಕತ್ತರಿಸಿ ಸೀಳುಗಳಿಗೆ ಒಳಗಿನಿಂದ ಹೊಂದಿಸಿದೆ. ಇನ್ನು ಗಾಳಿ ಬರುತ್ತದೆ, ಹಲ್ಲಿ ಬರುವುದಿಲ್ಲ. ಮಾಡ್ಯೂಲಿನ ಮೇಲೆ ಶಾಖ ಎಳೆಯುವ ಅಲ್ಯೂಮಿನಿಯಂ ತಗಡು ಕೂರಿಸಿದೆ. ಅದರ ವೇಗವನ್ನೂ ಸೆಟ್ಟಿಂಗಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದೆ. ನಮ್ಮ ಗೇಟ್ ಏಳುವುದು ಮಲಗಿದ ಎಮ್ಮೆ ಎದ್ದು ನಿಂತಷ್ಟು ನಿಧಾನ, ಅದಕ್ಕೆ ಕುದುರೆ ಓಟ ಯಾಕೆ? ಮುಂದಿನ ಮಧ್ಯಾಹ್ನಗಳಲ್ಲಿ ಪೆಟ್ಟಿಗೆ ಕಣ್ಣು ಮುಚ್ಚಲಿಲ್ಲ.

ಖುಷಿಯಿಂದ ಸಾಹೇಬರಿಗೆ ಗೇಟಿನ ಬಳಿಯಿಂದಲೇ ಫೋನ್ ಮಾಡಿದೆ. ಅವರಿಗೂ ಖುಷಿ. "ಭಾರೀ ಆಯ್ತು ಬಿಡ್ರಿ. ಎಲ್ಲಾ ಇಲ್ಲಿಂದ್ಲೇ ನಡೀತದಂದ್ರ ಗೇಟಿನ ಹತ್ರ ಮನುಷ್ಯಾರು ಯಾಕ ಬೇಕು? ಆಕಿನ್ನ ಆಫೀಸಿಗೇ ತಗೋತೀನಿ."

ಪೆಟ್ಟಿಗೆ ಕೆಟ್ಟರೂ ಅವಳು ಹೋಗಬೇಕು, ನಡೆದರೂ ಹೋಗಬೇಕು! ಯಾರಿಗಾಗಿ ಇಷ್ಟು ಬೆವರು ಸುರಿಸಿದೆನೋ ಅವಳನ್ನು ನನ್ನ ಕೈಯಿಂದಲೇ ಎಬ್ಬಿಸಿ ಕಳಿಸಿದಂತಾಯಿತು. ಅಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನೀ ಏನ್ ಮಾಡ್ತಿ ತಂಗಿ, ನಿನ್ನ ಕೆಲಸ ನೀ ನೆಟ್ಟಗ ಮಾಡೀದಿ" ಎಂದಳು. ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಸಿಟ್ಟಿನಲ್ಲಿ ಗೇಟಿನ ಕೆಳಗೆ ನೋಡುತ್ತ ನಿಂತೆ. ತಗ್ಗಿನಲ್ಲಿ ನಿಂತ ನೀರಿನಲ್ಲಿ ಇಬ್ಬರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆಗಳು ಮೂಗಿನವರೆಗೆ ಮುಳುಗಿದ್ದವು. ನೀರು ಬಿಡುವ ಮುಂಚೆ ಅಕ್ಕ ದಂಡೆಯ ಮೇಲೆ ಓಡಾಡಿ, ಕೂಗಿ, ಎಲ್ಲರನ್ನೂ ಮೇಲೆ ಹತ್ತಿಸುತ್ತಿದ್ದುದು ನೆನಪಾಯಿತು. ಅದನ್ನು ಪೆಟ್ಟಿಗೆ ಮಾಡುತ್ತದೆಯೇ?

ಕ್ಯಾರಿಯರ್ ಬೋರ್ಡಿನಲ್ಲಿ ಒಂದು ಪಿನ್ ಖಾಲಿ ಇತ್ತು. ಅದಕ್ಕೆ ಹಸಿರು ಗುಂಡಿಯೊಂದನ್ನು ಜೋಡಿಸಿದೆ. ಮಾಡ್ಯೂಲಿಗೆ ಹೊಸ ನಿಯಮ ಬರೆದೆ: ಯಾದಗಿರಿಯಿಂದ ಹುಕುಂ ಬಂದರೂ, ಇಲ್ಲಿ ಹಸಿರು ಗುಂಡಿ ಒತ್ತುವವರೆಗೆ ಗೇಟ್ ಏಳಕೂಡದು. ಆಮೇಲೆ ಬಸ್ ಹತ್ತಿ ಸಾಹೇಬರ ಎದುರಿಗೇ ಹೋಗಿ ಹೇಳಿದೆ.

"ಇದನ್ನ ಯಾರ್ ಹಾಕಂದ್ರು?"

"ಯಾರೂ ಅಂದಿಲ್ರಿ. ಕೆಳಗ ಮಂದಿ ಇರ್ತಾರ, ದನ ಇರ್ತಾವ. ಪೆಟ್ಟಿಗಿಗಿ ಕಣ್ಣಿಲ್ರಿ. ಬ್ಯಾಡಂದ್ರ ಇವತ್ತೇ ತಗೀತೀನಿ. ಖರೆ, ತಗೀರಿ ಅಂತ ನೀವು ಸಹಿ ಮಾಡಿ ಕೊಡ್ರಿ."

ಸಾಹೇಬರು ಪೆನ್ನು ತೆಗೆಯಲಿಲ್ಲ. "ನೀರ್ ಬಿಡೋ ದಿನ ನೋಡಮು" ಎಂದರು.

ಆ ದಿನ ನಾನು ಆಫೀಸಿನಲ್ಲೇ ಇದ್ದೆ. ಸಾಹೇಬರು ಹುಕುಂ ಒತ್ತಿದರು. ಪರದೆಯ ಮೇಲೆ ಗೇಟಿನ ಎತ್ತರ ಸೊನ್ನೆಯಲ್ಲೇ ನಿಂತಿತ್ತು. ಮತ್ತೆ ಒತ್ತಿದರು. ಸೊನ್ನೆ. "ನೋಡ್ರಿ ನಿಮ್ಮ ಗುಂಡಿ ಕಾರಭಾರ!" ಎಂದು ನನ್ನ ಕಡೆ ತಿರುಗಿದರು.

ಮೇಜಿನ ಮೇಲಿದ್ದ ಅವರ ಫೋನ್ ಬಡಿದುಕೊಂಡಿತು. ಅಕ್ಕನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಸಾಹೇಬ್ರ, ಜರಾ ತಡೀರಿ. ಕೆಳಗ ಒಬ್ಬಾಕಿ ಕೂಸಿನ ಮೈ ತೊಳ್ಯಾಕತ್ಯಾಳ. ಕರದೀನಿ, ಮ್ಯಾಲ ಹತ್ತಾಕತ್ಯಾಳ."

ಸಾಹೇಬರ ಕೈ ಮೌಸಿನ ಮೇಲಿಂದ ತಾನಾಗಿಯೇ ಸರಿಯಿತು. ಅವರು ಪರದೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು:

"ಅವಸರ ಇಲ್ಲ ಯವ್ವ. ಪೂರಾ ನೋಡಿ ಒತ್ರಿ. ಇಷ್ಟ್ ದಿನ ಹ್ಯಾಂಗ ನೋಡತಿದ್ರಿ, ಮುಂದನೂ ಅಲ್ಲೇ ಇದ್ದು ಹಂಗೇ ನೋಡ್ರಿ."